ಸಣ್ಣ ವಿಮಾನದ ಎಂಜಿನ್: ಒಳಭಾಗದ ಮುರಿತ ಮತ್ತು ಅದರ ಪತ್ತೆ

ತರಬೇತಿಗೆ, ಖಾಸಗಿ ಓಡಾಟಕ್ಕೆ, ಬೆಳೆಗೆ ಔಷಧಿ ಸಿಂಪಡಿಸುವುದಕ್ಕೆ ಬಳಸುವ ಸಣ್ಣ ವಿಮಾನಗಳಲ್ಲಿ ಹೆಚ್ಚಿನವು ಇಂದಿಗೂ ಪಿಸ್ಟನ್ ಎಂಜಿನ್‌ನಿಂದಲೇ ಹಾರುತ್ತವೆ. ಇಂಥ ಎಂಜಿನ್‌ನ ಒಳಗೆ ವಾಲ್ವ್, ಪಿಸ್ಟನ್ ರಿಂಗ್, ಟ್ಯಾಪೆಟ್, ಬೇರಿಂಗ್, ಗಿಯರ್ ಅಥವಾ ಕ್ರ್ಯಾಂಕ್‌ಶಾಫ್ಟ್ ಮುರಿದಿದೆಯೇ, ಬಿರುಕು ಬಿಟ್ಟಿದೆಯೇ, ಸವೆದು ಕಿತ್ತುಬರುತ್ತಿದೆಯೇ ಎಂದು ಎಂಜಿನ್ ಬಿಚ್ಚುವ ಮುನ್ನ ಕಂಡುಹಿಡಿಯುವುದು ವಿಮಾನ ನಿರ್ವಹಣೆಯ ಕಷ್ಟದ ಕೆಲಸಗಳಲ್ಲೊಂದು. ಭಾಗ ಕಣ್ಣಿಗೆ ಕಾಣದು. ಗಾಳಿಯ ಸೋರಿಕೆ, ಎಣ್ಣೆಯಲ್ಲಿ ಸಿಕ್ಕ ಲೋಹದ ಚೂರು, ಸಿಲಿಂಡರ್‌ನ ಶಾಖ, ಪ್ಲಗ್ ರಂಧ್ರದಲ್ಲಿ ಇಳಿಬಿಟ್ಟ ಕ್ಯಾಮೆರಾ, ಇವಿಷ್ಟರಿಂದಲೇ ಒಳಗಿನದನ್ನು ಊಹಿಸಬೇಕು. ಸಾಮಾನ್ಯವಾಗಿ ಇವುಗಳಲ್ಲಿ ಯಾವುದೊಂದೂ ತಾನಾಗಿ ಸಾಕ್ಷ್ಯವಲ್ಲ. ಎರಡು ಮೂರು ಪರೀಕ್ಷೆಗಳು ಬೇರೆಬೇರೆ ದಾರಿಯಿಂದ ಬಂದು ಒಂದೇ ಭಾಗವನ್ನು ತೋರಿಸಿದಾಗ ಮಾತ್ರ ಸ್ಪ್ಯಾನರ್ ಹಿಡಿಯಬೇಕು ಎನ್ನುವುದು ಈ ವಿದ್ಯೆಯ ತಿರುಳು. ಅದನ್ನು ಮರೆತು ಬಿಚ್ಚಿದ್ದರಿಂದ ಸರಿಯಿದ್ದ ಎಂಜಿನ್‌ಗಳೂ ಕೆಟ್ಟದ್ದುಂಟು.

ಎಂಜಿನ್‌ನ ರಚನೆ

ಈ ವರ್ಗದ ಎಂಜಿನ್‌ಗಳಲ್ಲಿ ಮೂರು ಹೆಸರು ಮುಖ್ಯ: ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ವಿಲಿಯಮ್ಸ್‌ಪೋರ್ಟ್‌ನ ಲೈಕಮಿಂಗ್, ಅಲಬಾಮಾದ ಮೊಬೀಲ್ ನಗರದ ಕಾಂಟಿನೆಂಟಲ್, ಆಸ್ಟ್ರಿಯಾದ ರೋಟಾಕ್ಸ್. ಮೊದಲ ಎರಡರದು ಬಹುಮಟ್ಟಿಗೆ ಒಂದೇ ಮಾದರಿ. ನಾಲ್ಕು ಅಥವಾ ಆರು ಸಿಲಿಂಡರ್‌ಗಳು ಎರಡು ಬದಿಗೆ ಮಲಗಿರುತ್ತವೆ, ಗಾಳಿಯೇ ಅವನ್ನು ತಣಿಸುತ್ತದೆ, ಪ್ರೊಪೆಲ್ಲರ್ ನೇರವಾಗಿ ಕ್ರ್ಯಾಂಕ್‌ಶಾಫ್ಟ್‌ಗೇ ಕೂತಿರುತ್ತದೆ. ಪ್ರತಿ ಸಿಲಿಂಡರ್‌ಗೂ ಎರಡು ಸ್ಪಾರ್ಕ್ ಪ್ಲಗ್, ಅವಕ್ಕೆ ಕಿಡಿ ಕೊಡಲು ಎರಡು ಮ್ಯಾಗ್ನೆಟೊ. ಸೆಸ್ನಾ 172ರ ಅನೇಕ ಮಾದರಿಗಳಲ್ಲಿರುವ ಲೈಕಮಿಂಗ್ ಒ-320 ಎಂಜಿನ್‌ನದು 150ರಿಂದ 160 ಅಶ್ವಶಕ್ತಿ. ಅದರ ಹಿರಿಯಣ್ಣ ಒ-360 ನಿಮಿಷಕ್ಕೆ 2,700 ಸುತ್ತಿನಲ್ಲಿ 180 ಅಶ್ವಶಕ್ತಿ ಕೊಡುತ್ತದೆ. ರೋಟಾಕ್ಸ್ 912ರ ದಾರಿ ಬೇರೆ: ಸಿಲಿಂಡರ್ ತಲೆಗೆ ನೀರಿನ ತಂಪು, 5,800 ಸುತ್ತಿನವರೆಗಿನ ವೇಗ, ಅದನ್ನು ಪ್ರೊಪೆಲ್ಲರ್‌ಗೆ ಇಳಿಸಿಕೊಡಲು ಗಿಯರ್ ಪೆಟ್ಟಿಗೆ.

ಒಳಗಿನ ಭಾಗಗಳ ಮೇಲೆ ಬೀಳುವ ಹೊರೆಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಎಂಜಿನ್ 2,400 ಸುತ್ತಿನಲ್ಲಿ ಓಡುವಾಗ ಒಂದೊಂದು ವಾಲ್ವ್ ಸೆಕೆಂಡಿಗೆ 20 ಸಲ ತೆರೆದು ಮುಚ್ಚುತ್ತದೆ. ಲೈಕಮಿಂಗ್‌ನ ಹಲವು ಎಂಜಿನ್‌ಗಳಿಗೆ ಕಂಪನಿ ಹೇಳುವ ಪೂರ್ಣ ದುರಸ್ತಿಯ ಅವಧಿ 2,000 ಗಂಟೆ. ಅಷ್ಟರಲ್ಲಿ ಒಂದು ವಾಲ್ವ್ 14 ಕೋಟಿಗೂ ಮೀರಿ ತನ್ನ ಸೀಟಿಗೆ ಬಡಿದಿರುತ್ತದೆ. ಎಕ್ಸಾಸ್ಟ್ ವಾಲ್ವ್ ಇದನ್ನೆಲ್ಲ ಉರಿಯುವ ಅನಿಲದ ನಡುವೆ ನಿಂತು ಮಾಡಬೇಕು. 1920ರ ದಶಕದಲ್ಲಿ ಬ್ರಿಟನ್‌ನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ಯಾಮ್ ಹೆರಾನ್ ಎಂಬ ಎಂಜಿನಿಯರ್ ಟೊಳ್ಳು ವಾಲ್ವ್‌ನ ಒಳಗೆ ಸೋಡಿಯಂ ತುಂಬುವ ಉಪಾಯವನ್ನು ಬಳಕೆಗೆ ತಂದದ್ದು ಇದೇ ಕಾರಣಕ್ಕೆ. 98 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವ ಸೋಡಿಯಂ ವಾಲ್ವ್‌ನೊಳಗೆ ಕುಲುಕಾಡುತ್ತ ತಲೆಯ ಶಾಖವನ್ನು ಕಾಂಡಕ್ಕೆ ಸಾಗಿಸುತ್ತದೆ. ಲೈಕಮಿಂಗ್‌ನ ಅನೇಕ ಎಂಜಿನ್‌ಗಳಲ್ಲಿ ಇಂದಿಗೂ ಇವೇ ವಾಲ್ವ್‌ಗಳಿವೆ. ಇವು ಮುರಿದರೆ ಸೋಡಿಯಂ ನೀರಿಗೆ ತಾಗಿ ಹೊತ್ತಿಕೊಳ್ಳಬಹುದು ಎಂಬ ಎಚ್ಚರ ಕಾರ್ಖಾನೆಯಲ್ಲಿರಬೇಕು.

ಮುರಿತದ ಇತಿಹಾಸ ವಿಮಾನದಷ್ಟೇ ಹಳೆಯದು. ರೈಟ್ ಸಹೋದರರಿಗಾಗಿ ಚಾರ್ಲ್ಸ್ ಟೇಲರ್ ಕಟ್ಟಿಕೊಟ್ಟ ಸುಮಾರು 12 ಅಶ್ವಶಕ್ತಿಯ ಎಂಜಿನ್‌ನ ಅಲ್ಯೂಮಿನಿಯಂ ಒಡಲು 1903ರ ಫೆಬ್ರವರಿಯಲ್ಲಿ, ಪರೀಕ್ಷೆಯ ಶುರುವಿನಲ್ಲೇ, ಬೇರಿಂಗ್ ಹಿಡಿದುಕೊಂಡು ಒಡೆದುಹೋಯಿತು. ಹೊಸ ಎರಕ ಹೊಯ್ಯಿಸಬೇಕಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಕಿಟಿ ಹಾಕ್‌ನಲ್ಲಿ ಪ್ರೊಪೆಲ್ಲರಿನ ಟೊಳ್ಳು ಶಾಫ್ಟ್ ಬಿರುಕು ಬಿಟ್ಟಾಗ ಆರ್ವಿಲ್ ರೈಟ್ ಡೇಟನ್ನಿಗೆ ಮರಳಿ ಗಟ್ಟಿ ಉಕ್ಕಿನ ಶಾಫ್ಟ್ ಮಾಡಿಸಿಕೊಂಡು ಬಂದರು. ಡಿಸೆಂಬರ್ 17ರ ಹಾರಾಟ ನಡೆದದ್ದು ಆ ಶಾಫ್ಟ್‌ಗಳ ಮೇಲೆ.

ಹೊರಗಿನ ದೋಷವನ್ನು ಮೊದಲು ಬೇರ್ಪಡಿಸುವುದು

ಪೈಲಟ್ ಬರೆದುಕೊಡುವ ದೂರು ಸಾಮಾನ್ಯವಾಗಿ ಒಂದೇ ಸಾಲಿನದು: ಎಂಜಿನ್ ನಡುಗುತ್ತಿದೆ, ಸುತ್ತು ಏರುತ್ತಿಲ್ಲ, ಎಣ್ಣೆ ಜಾಸ್ತಿ ಕುಡಿಯುತ್ತಿದೆ. ಇವುಗಳಲ್ಲಿ ಬಹುಪಾಲಿಗೆ ಕಾರಣ ಒಳಗಿನ ಮುರಿತವಲ್ಲ. ಈ ಎಂಜಿನ್‌ಗಳು ಕುಡಿಯುವ 100ಎಲ್‌ಎಲ್ ಪೆಟ್ರೋಲಿನಲ್ಲಿ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇರಬಹುದು. ಆ ಸೀಸ ಉಂಡೆಗಟ್ಟಿ ಕೆಳಗಿನ ಪ್ಲಗ್ ಮುಚ್ಚಿಹೋಗುವುದು ದಿನನಿತ್ಯದ ಸಂಗತಿ. ಕಿಡಿಯ ತಂತಿ, ಮ್ಯಾಗ್ನೆಟೊ, ಕಸ ಕಟ್ಟಿದ ಇಂಧನ ನಾಜಲ್, ಸೋರುವ ಗಾಳಿಕೊಳವೆಯ ಗ್ಯಾಸ್ಕೆಟ್, ಕಾರ್ಬ್ಯುರೇಟರಿನ ಮಂಜುಗಡ್ಡೆ, ಇವೆಲ್ಲವನ್ನೂ ಮೊದಲು ತಳ್ಳಿಹಾಕಬೇಕು.

ಎರಡು ಮ್ಯಾಗ್ನೆಟೊ ಇರುವುದರಿಂದ ಈ ವಿಂಗಡಣೆ ಸುಲಭ. ನೆಲದ ಮೇಲೆ ಒಂದೊಂದನ್ನೇ ಆರಿಸಿ ನೋಡಿದಾಗ ನಡುಕ ಒಂದೇ ಮ್ಯಾಗ್ನೆಟೊದ ಮೇಲೆ ಬಂದರೆ ದೋಷ ಕಿಡಿಯದು. ಎರಡರ ಮೇಲೂ, ಒಟ್ಟಿಗೆ ಇಟ್ಟಾಗಲೂ ನಡುಗಿದರೆ ಇಂಧನ, ಗಾಳಿ ಅಥವಾ ಒಳಭಾಗ. ನಿಧಾನದ ಓಟದಲ್ಲಿ ನಡುಗಿ ಪೂರ್ಣ ಶಕ್ತಿಯಲ್ಲಿ ಸರಿಹೋದರೆ ಗಾಳಿಕೊಳವೆಯ ಸೋರಿಕೆಯ ಕಡೆ ನೋಡಬೇಕು. ಯಾವ ಸಿಲಿಂಡರ್ ಸತ್ತಿದೆ ಎಂದು ತಿಳಿಯಲು ತಣ್ಣಗಿನ ಎಂಜಿನ್ ಅನ್ನು ಅರ್ಧ ನಿಮಿಷ ಓಡಿಸಿ ನಿಲ್ಲಿಸಿ, ಹೊಗೆ ಕೊಳವೆಗಳ ಮೇಲೆ ಇನ್‌ಫ್ರಾರೆಡ್ ಉಷ್ಣಮಾಪಕ ಹಿಡಿಯುತ್ತಾರೆ. ಒಂದು ಕೊಳವೆ ಉಳಿದವುಗಳಿಗಿಂತ ತಣ್ಣಗಿದ್ದರೆ ಅದೇ ಗುರುತು. ಪ್ರತಿ ಸಿಲಿಂಡರಿಗೂ ತಾಪಸೂಚಕ ಇರುವ ವಿಮಾನಗಳಲ್ಲಿ ಈ ಸುಳಿವು ಹಾರಾಟದ ದಾಖಲೆಯಲ್ಲೇ ಇರುತ್ತದೆ. ಒಂದು ಪ್ಲಗ್ ಸತ್ತರೆ ಆ ಸಿಲಿಂಡರಿನ ಹೊಗೆಯ ತಾಪ ಏರುತ್ತದೆ, ಏಕೆಂದರೆ ಉರಿ ತಡವಾಗಿ ಮುಗಿಯುತ್ತದೆ. ಸಿಲಿಂಡರೇ ಸತ್ತರೆ ತಾಪ ಕುಸಿಯುತ್ತದೆ. ಸುಡಲು ಶುರುವಾದ ಎಕ್ಸಾಸ್ಟ್ ವಾಲ್ವ್ ಇದ್ದರೆ ತಾಪ ನಿಧಾನವಾಗಿ, ಒಂದೇ ಲಯದಲ್ಲಿ ಏರಿಳಿಯುವುದನ್ನು ಎಷ್ಟೋ ದಾಖಲೆಗಳಲ್ಲಿ ಗುರುತಿಸಲಾಗಿದೆ. ವಾಲ್ವ್ ತನ್ನ ಜಾಗದಲ್ಲೇ ತಿರುಗುತ್ತ, ಅದರ ಸುಟ್ಟ ಅಂಚು ಒಮ್ಮೆ ಒಂದು ಕಡೆ, ಒಮ್ಮೆ ಇನ್ನೊಂದು ಕಡೆ ಸೋರುವುದರ ಫಲ ಇದು.

ಗಾಳಿಯ ಪರೀಕ್ಷೆ

ಒಳಭಾಗದ ಪರೀಕ್ಷೆಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಒತ್ತಡದ ವ್ಯತ್ಯಾಸ ಅಳೆಯುವ ಕಂಪ್ರೆಷನ್ ಪರೀಕ್ಷೆ. ಎಂಜಿನ್ ಬಿಸಿಯಿರುವಾಗಲೇ ಪ್ಲಗ್ ತೆಗೆದು, ಪಿಸ್ಟನ್ ಅನ್ನು ಒತ್ತುವ ಹೊಡೆತದ ತುತ್ತತುದಿಗೆ ತಂದು ನಿಲ್ಲಿಸಿ, ಚದರ ಇಂಚಿಗೆ 80 ಪೌಂಡ್ ಒತ್ತಡದ ಗಾಳಿಯನ್ನು ಸುಮಾರು ಒಂದು ಮಿಲಿಮೀಟರ್ ಅಗಲದ ಸಣ್ಣ ರಂಧ್ರದ ಮೂಲಕ ಸಿಲಿಂಡರಿಗೆ ಬಿಡುತ್ತಾರೆ. ಎರಡು ಮಾಪಕಗಳಲ್ಲಿ ಒಂದು ಒಳಬರುವ ಒತ್ತಡವನ್ನು, ಇನ್ನೊಂದು ಸಿಲಿಂಡರ್ ಹಿಡಿದಿಟ್ಟ ಒತ್ತಡವನ್ನು ತೋರಿಸುತ್ತದೆ. ಹಾಗಾಗಿ ಫಲಿತಾಂಶವನ್ನು 76/80, 72/80 ಎಂದು ಬರೆಯುವುದು ರೂಢಿ.

ಈ ಪರೀಕ್ಷೆಯಲ್ಲಿ ಜೀವಕ್ಕೇ ಅಪಾಯವಿದೆ. ಒ-320ರ ಪಿಸ್ಟನ್‌ನ ಅಗಲ 5.125 ಇಂಚು. 80 ಪೌಂಡ್ ಒತ್ತಡದಲ್ಲಿ ಅದರ ತಲೆಯ ಮೇಲೆ ಬೀಳುವ ಬಲ ಸುಮಾರು 750 ಕಿಲೋಗ್ರಾಂ ಭಾರದಷ್ಟು. ಪಿಸ್ಟನ್ ತುದಿಯಿಂದ ಕೂದಲೆಳೆಯಷ್ಟು ಜಾರಿದರೂ ಪ್ರೊಪೆಲ್ಲರ್ ರಭಸದಿಂದ ತಿರುಗಿಬಿಡುತ್ತದೆ. ಆದ್ದರಿಂದ ಒಬ್ಬರು ಪ್ರೊಪೆಲ್ಲರನ್ನು ಗಟ್ಟಿಯಾಗಿ ಹಿಡಿದಿರಬೇಕು, ಇನ್ನೊಬ್ಬರು ಕವಾಟವನ್ನು ನಿಧಾನವಾಗಿ ತೆರೆಯಬೇಕು. ಒಬ್ಬಂಟಿಯಾಗಿ ಮಾಡುವ ಪರೀಕ್ಷೆ ಇದಲ್ಲ.

ಅಂಕಿಗಿಂತ ಕಿವಿ ಮುಖ್ಯ ಎಂದು ಬಲ್ಲವರು ಹೇಳುವುದುಂಟು. ಕಡಿಮೆ ಒತ್ತಡ ಸಿಕ್ಕಿದಾಗ ಗಾಳಿ ಎಲ್ಲಿಂದ ಸಿಳ್ಳು ಹೊಡೆಯುತ್ತಿದೆ ಎಂದು ಆಲಿಸಬೇಕು. ಹೊಗೆ ಕೊಳವೆಯ ಬಾಯಲ್ಲಿ ಸದ್ದು ಕೇಳಿದರೆ ಎಕ್ಸಾಸ್ಟ್ ವಾಲ್ವ್. ಕಾರ್ಬ್ಯುರೇಟರಿನ ಕಡೆಯಿಂದ ಬಂದರೆ ಇಂಟೇಕ್ ವಾಲ್ವ್. ಎಣ್ಣೆ ಸುರಿಯುವ ಕೊಳವೆಯ ಮುಚ್ಚಳ ತೆಗೆದಾಗ ಅಲ್ಲಿ ಬುಸುಗುಟ್ಟಿದರೆ ಗಾಳಿ ರಿಂಗ್‌ಗಳನ್ನು ದಾಟಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತಿದೆ. ಇವು ಮೂರೂ ಅಲ್ಲದೆ ಸಿಲಿಂಡರಿನ ರೆಕ್ಕೆಗಳ ನಡುವಿನಿಂದ ಸದ್ದು ಬಂದರೆ ಕೈ ನಿಲ್ಲಿಸಬೇಕು. ಅಲ್ಯೂಮಿನಿಯಂ ತಲೆ ಬಿರುಕು ಬಿಟ್ಟಿರಬಹುದು. ಸಾಬೂನಿನ ನೀರು ಹಚ್ಚಿದರೆ ಬಿರುಕಿನುದ್ದಕ್ಕೂ ಗುಳ್ಳೆ ಏಳುತ್ತದೆ. ಪ್ಲಗ್ ರಂಧ್ರ ಮತ್ತು ಹೊಗೆ ದ್ವಾರದ ನಡುವಿನ ಜಾಗ ಇಂಥ ಬಿರುಕಿಗೆ ಹೆಸರುವಾಸಿ. ಅಂಥ ಸಿಲಿಂಡರ್ ಮತ್ತೆ ಹಾರಬಾರದು. ಸಿಲಿಂಡರಿನ ಉಕ್ಕಿನ ಕೊಳವೆಗೆ ತಿರುಪು ಹಾಕಿ ಕೂರಿಸಿದ ತಲೆ ಹಾರಾಟದ ನಡುವೆ ಕಿತ್ತುಬಂದ ಪ್ರಕರಣಗಳಿವೆ.

ಅಂಕಿಯನ್ನೇ ನಂಬಿದರೆ ಮೋಸ ಹೋಗುತ್ತೇವೆ. ರಿಂಗ್‌ಗಳ ಬಾಯಿಗಳು ಒಂದೇ ಸಾಲಿಗೆ ಬಂದು ನಿಂತರೆ ಆರೋಗ್ಯವಾದ ಸಿಲಿಂಡರ್ ಕೂಡ ಕಡಿಮೆ ತೋರಿಸುತ್ತದೆ, ಅರ್ಧ ಗಂಟೆ ಹಾರಿ ಬಂದರೆ ಅದೇ ಅಂಕಿ ಮೇಲೇರಿರುತ್ತದೆ. ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತದ ಹಳೆಯ ಮಾರ್ಗದರ್ಶಿಯಂತೆ ಶೇ 25ರಷ್ಟು ಸೋರಿಕೆ, ಅಂದರೆ 60/80, ಎಚ್ಚರಿಕೆಯ ಗೆರೆ. ಕಾಂಟಿನೆಂಟಲ್ ಇನ್ನೊಂದು ದಾರಿ ಹಿಡಿಯಿತು. ಅಳೆಯುವ ಉಪಕರಣವನ್ನೇ ಮೊದಲು ಒಂದು ಪ್ರಮಾಣಿತ ರಂಧ್ರದ ಎದುರು ಪರೀಕ್ಷಿಸಿ ಆ ದಿನದ ಮಿತಿ ಗೊತ್ತುಮಾಡಬೇಕು, ಆ ಮಿತಿ ಕೆಲವೊಮ್ಮೆ 40ರ ಆಸುಪಾಸಿಗೂ ಇಳಿಯಬಹುದು, ಜೊತೆಗೆ ಬೋರ್‌ಸ್ಕೋಪ್ ನೋಟ ಕಡ್ಡಾಯ ಎಂದಿತು. ಹಿಂದೆ ಕೇವಲ 58/80 ಎಂದು ಎಷ್ಟೋ ಸಿಲಿಂಡರ್‌ಗಳನ್ನು ಕಳಚಿದ್ದನ್ನು ನೆನೆದರೆ ಈ ಬದಲಾವಣೆ ದೊಡ್ಡದು. ಆದರೆ ಸದ್ದು ವಾಲ್ವ್‌ನಿಂದ ಬರುತ್ತಿದ್ದರೆ ಈ ರಿಯಾಯಿತಿ ಅನ್ವಯಿಸದು. ಸೋರುವ ರಿಂಗ್‌ನೊಂದಿಗೆ ಎಂಜಿನ್ ಬಹಳ ಕಾಲ ಬದುಕುತ್ತದೆ, ಸೋರುವ ಎಕ್ಸಾಸ್ಟ್ ವಾಲ್ವ್ ಪ್ರತಿ ಗಂಟೆಯೂ ಇನ್ನಷ್ಟು ಸುಡುತ್ತದೆ.

ಕಣ್ಣಿನ ಪರೀಕ್ಷೆ

ಬೋರ್‌ಸ್ಕೋಪ್ ಎಂದರೆ ತೆಳ್ಳನೆಯ ಕೊಳವೆಯ ತುದಿಯಲ್ಲಿ ದೀಪ, ಕ್ಯಾಮೆರಾ ಕೂರಿಸಿದ ಸಾಧನ. ಮೇಲಿನ ಪ್ಲಗ್ ರಂಧ್ರದಿಂದ ಇಳಿಸಿ ತುದಿಯನ್ನು ಹಿಂದಕ್ಕೆ ಬಗ್ಗಿಸಿದರೆ ವಾಲ್ವ್‌ಗಳ ಮುಖವೇ ಕಾಣುತ್ತದೆ. ಈಚಿನ ವರ್ಷಗಳಲ್ಲಿ ಇದು ಅಗ್ಗವಾಗಿ ಪ್ರತಿ ಕಾರ್ಯಾಗಾರಕ್ಕೂ ಬಂದಿರುವುದರಿಂದ ಪತ್ತೆಯ ಗುಣಮಟ್ಟವೇ ಏರಿದೆ. ಆರೋಗ್ಯವಂತ ಎಕ್ಸಾಸ್ಟ್ ವಾಲ್ವ್‌ನ ಮೇಲೆ ಕೆಂಪು, ಕಂದು ಬಣ್ಣದ ಬೂದಿ ನಡುವಿನಿಂದ ಅಂಚಿನವರೆಗೆ ಸಮನಾದ ವೃತ್ತಗಳಾಗಿ ಕೂತಿರುತ್ತದೆ. ಅಂಚಿನ ಒಂದೇ ಕಡೆ ಬೂದಿ ಸುಟ್ಟುಹೋಗಿ ಹಸಿರು ಛಾಯೆಯ ಅಥವಾ ಬೋಳು ಲೋಹದ ಅರ್ಧಚಂದ್ರ ಕಂಡರೆ ಅಲ್ಲಿ ಬಿಸಿ ಅನಿಲ ನುಸುಳುತ್ತಿದೆ. ಗಾಳಿಯ ಪರೀಕ್ಷೆ 74/80 ತೋರಿಸಿದರೂ ಸರಿ, ಕಣ್ಣಿನ ಸಾಕ್ಷ್ಯವೇ ಇಲ್ಲಿ ಮೇಲು.

ಸಿಲಿಂಡರ್ ಗೋಡೆಯ ಮೇಲೆ ಉದ್ದುದ್ದ ಗೀರುಗಳಿದ್ದರೆ ಮುರಿದ ರಿಂಗ್ ಅಥವಾ ಪಿಸ್ಟನ್ ಪಿನ್ನಿನ ತುದಿ ಗೋಡೆಗೆ ಉಜ್ಜುತ್ತಿರಬಹುದು. ಪಿಸ್ಟನ್ ತಲೆಯ ಮೇಲೆ ಚುಕ್ಕೆಚುಕ್ಕೆಯಾಗಿ ಪೆಟ್ಟಿನ ಗುಳಿಗಳಿದ್ದರೆ ಒಳಗೆ ಗಟ್ಟಿ ಚೂರೊಂದು ಓಡಾಡಿದೆ. ಇದೇ ಮಾತನ್ನು ತೆಗೆದಿಟ್ಟ ಪ್ಲಗ್ ಕೂಡ ಹೇಳುತ್ತದೆ: ಅದರ ತುದಿಯ ಎಲೆಕ್ಟ್ರೋಡ್ ಜಜ್ಜಿ ಅಂತರವೇ ಮುಚ್ಚಿಹೋಗಿದ್ದರೆ ಮುರಿದ ರಿಂಗ್ ಅಥವಾ ವಾಲ್ವ್‌ನ ತುಣುಕು ಅದಕ್ಕೆ ಬಡಿದಿದೆ. ಕೆಳಗಿನ ಪ್ಲಗ್ ಎಣ್ಣೆಯಲ್ಲಿ ಮುಳುಗಿ, ಬ್ರೀದರ್ ಕೊಳವೆಯಿಂದ ಎಣ್ಣೆ ವಿಮಾನದ ಹೊಟ್ಟೆಯ ಮೇಲೆಲ್ಲ ಚೆಲ್ಲಿದ್ದರೆ ರಿಂಗ್ ಮುರಿತದ ಅನುಮಾನ ಗಟ್ಟಿಯಾಗುತ್ತದೆ.

ಎಣ್ಣೆಯಲ್ಲಿನ ಸಾಕ್ಷ್ಯ

ಸವೆದ ಪ್ರತಿಯೊಂದು ಭಾಗವೂ ಕೊನೆಗೆ ಎಣ್ಣೆಗೆ ಬೀಳುತ್ತದೆ. ಪೂರ್ಣ ಹರಿವಿನ ಫಿಲ್ಟರ್ ಇರುವ ಎಂಜಿನ್‌ಗೆ 50 ಗಂಟೆ, ಬರೀ ಜಾಲರಿ ಇರುವುದಕ್ಕೆ 25 ಗಂಟೆ, ಎರಡಕ್ಕೂ ನಾಲ್ಕು ತಿಂಗಳು ಮೀರದಂತೆ ಎಣ್ಣೆ ಬದಲಿಸಬೇಕೆಂದು ಲೈಕಮಿಂಗ್ ಹೇಳುತ್ತದೆ. ಪ್ರತಿ ಸಲವೂ ತೆಗೆದ ಫಿಲ್ಟರನ್ನು ಕತ್ತರಿಸಿ ನೋಡಬೇಕು. ಗರಗಸದಿಂದ ಕೊಯ್ದರೆ ಗರಗಸದ ಪುಡಿಯೇ ಒಳಗೆ ಬಿದ್ದು ಸುಳ್ಳು ಸಾಕ್ಷಿಯಾಗುವುದರಿಂದ, ಡಬ್ಬಿಯ ಸುತ್ತ ಚಕ್ರ ಉರುಳಿಸಿ ಕತ್ತರಿಸುವ ಸಲಕರಣೆಯೇ ಬೇಕು. ಒಳಗಿನ ಮಡಿಕೆ ಕಾಗದವನ್ನು ಚಾಕುವಿನಿಂದ ಎರಡು ತುದಿಯಲ್ಲೂ ಬಿಡಿಸಿ, ಎಣ್ಣೆ ಹಿಂಡಿ, ಬಿಸಿಲಿನಲ್ಲಿ ಹರವಿ ಒಂದೊಂದು ಮಡಿಕೆಯನ್ನೂ ತೆರೆದು ನೋಡುತ್ತಾರೆ. ಕರಿ ಮಸಿಯ ಚೂರುಗಳು ಬೆರಳಿನಲ್ಲಿ ಪುಡಿಯಾಗುತ್ತವೆ, ಅದು ಇಂಗಾಲ, ಚಿಂತೆಯಿಲ್ಲ. ಬೆಳಕಿಗೆ ಮಿನುಗಿ ಬೆರಳಿಗೆ ಚುಚ್ಚುವುದು ಲೋಹ.

ಮುಂದಿನ ಪ್ರಶ್ನೆ ಯಾವ ಲೋಹ ಎಂಬುದು. ಅಯಸ್ಕಾಂತಕ್ಕೆ ಅಂಟಿದರೆ ಉಕ್ಕು: ಕ್ಯಾಮ್, ಟ್ಯಾಪೆಟ್, ಗಿಯರ್, ಸಿಲಿಂಡರ್ ಗೋಡೆ, ರಿಂಗ್. ಅಂಟದ ಬೆಳ್ಳಿಬಣ್ಣದ ತೆಳು ಹಾಳೆಗಳು ಅಲ್ಯೂಮಿನಿಯಂ: ಪಿಸ್ಟನ್, ಅಥವಾ ಲೈಕಮಿಂಗ್‌ನಲ್ಲಿ ಪಿಸ್ಟನ್ ಪಿನ್ನಿನ ಎರಡು ತುದಿಗೆ ಹಾಕುವ ಬೆಣೆಗಳು. ಹಳದಿ ಕಂಚಿನ ಚೂರು ಬುಷ್‌ಗಳಿಂದ. ಚೂರಿನ ಆಕಾರವೂ ಮಾತಾಡುತ್ತದೆ. ಕೂದಲಿನಂಥ ಸಣ್ಣ ಎಳೆ ಸವೆತದ್ದು, ಒಂದು ಬದಿ ನಯ ಇನ್ನೊಂದು ಬದಿ ಒರಟಾದ ಚಕ್ಕೆ ಮೇಲ್ಮೈಯೇ ಕಿತ್ತುಬಂದದ್ದು. ನಾಲ್ಕಾರು ಸಣ್ಣ ಮಿನುಗು ಕಂಡರೆ ಹೊಸ ಫಿಲ್ಟರ್ ಹಾಕಿ ಕೆಲವು ಗಂಟೆ ಹಾರಿಸಿ ಮತ್ತೆ ನೋಡುವುದುಂಟು. ಗುರುತು ಸಿಗುವಷ್ಟು ದೊಡ್ಡ ತುಣುಕು ಸಿಕ್ಕರೆ ವಿಮಾನ ನೆಲದಲ್ಲೇ ಇರಬೇಕು, ಎಣ್ಣೆ ತೊಟ್ಟಿಯ ತಳದ ಜಾಲರಿಯನ್ನೂ ಬಿಚ್ಚಬೇಕು, ಏಕೆಂದರೆ ದೊಡ್ಡ ತುಣುಕುಗಳು ಫಿಲ್ಟರಿನವರೆಗೆ ಬರುವುದೇ ಇಲ್ಲ.

ಪ್ರಯೋಗಾಲಯಕ್ಕೆ ಕಳಿಸಿ ಎಣ್ಣೆಯಲ್ಲಿ ಕಬ್ಬಿಣ, ಅಲ್ಯೂಮಿನಿಯಂ, ಕ್ರೋಮಿಯಂ, ತಾಮ್ರ, ನಿಕಲ್ ದಶಲಕ್ಷಕ್ಕೆ ಎಷ್ಟು ಭಾಗ ಇವೆ ಎಂದು ಅಳೆಯಿಸುವುದೂ ವಾಡಿಕೆ. ಸಿಲಿಕಾನ್ ಏರಿದ್ದರೆ ಗಾಳಿ ಸೋಸುವ ಫಿಲ್ಟರ್ ದಾಟಿ ಧೂಳು ಒಳನುಗ್ಗಿದೆ. ಈ ಪರೀಕ್ಷೆಯ ಮಿತಿಯನ್ನು ಬಹಳಷ್ಟು ಮಾಲೀಕರು ತಿಳಿದಿಲ್ಲ, ಅದನ್ನು ಒತ್ತಿ ಹೇಳಬೇಕು. ರೋಹಿತ ಮಾಪಕ ಕಾಣುವುದು ಸುಮಾರು 5ರಿಂದ 10 ಮೈಕ್ರಾನ್‌ವರೆಗಿನ ಕಣಗಳನ್ನು ಮಾತ್ರ. ನಿಧಾನದ ಸವೆತವನ್ನು ಅದು ತಿಂಗಳುಗಳ ಮುಂಚೆಯೇ ತೋರಿಸಬಲ್ಲದು, ಆದರೆ ಮುರಿಯುತ್ತಿರುವ ಭಾಗದ ದೊಡ್ಡ ಚಕ್ಕೆಗಳು ಅದರ ಕಣ್ಣಿಗೆ ಬೀಳವು. ವರದಿ ಶುದ್ಧ, ಫಿಲ್ಟರಿನ ತುಂಬ ಲೋಹ ಎಂಬ ಸ್ಥಿತಿ ಸಾಧ್ಯ. ವರದಿಯನ್ನು ಕಪಾಟಿನಲ್ಲಿಟ್ಟು ಫಿಲ್ಟರ್ ಕತ್ತರಿಸದೆ ಎಸೆಯುವುದು ಅತ್ಯಂತ ಅಪಾಯದ ಅಭ್ಯಾಸ.

ವಾಲ್ವ್, ಟ್ಯಾಪೆಟ್, ಕ್ಯಾಮ್

ಬೆಳಗಿನ ಮೊದಲ ಓಟದಲ್ಲಿ ಎಂಜಿನ್ ಒಂದೆರಡು ನಿಮಿಷ ಕುಂಟಿ, ಬಿಸಿಯಾದ ಮೇಲೆ ಸರಿಹೋಗುವುದನ್ನು ಅಮೆರಿಕದ ಮೆಕ್ಯಾನಿಕ್‌ಗಳು ಬೆಳಗಿನ ಕಾಯಿಲೆ ಎನ್ನುತ್ತಾರೆ. ಎಕ್ಸಾಸ್ಟ್ ವಾಲ್ವ್‌ನ ಕಾಂಡ ಇಂಗಾಲ ಕಟ್ಟಿದ ಗೈಡ್‌ನಲ್ಲಿ ಸಿಕ್ಕಿಕೊಂಡಿರುವುದರ ಲಕ್ಷಣ ಅದು. ಉದಾಸೀನ ಮಾಡಿದರೆ ಮುಂದೊಂದು ದಿನ ವಾಲ್ವ್ ಪೂರ್ತಿ ಸಿಕ್ಕಿಕೊಂಡು ತಳ್ಳುಕೋಲು ಬಾಗುತ್ತದೆ, ಇಲ್ಲವೇ ವಾಲ್ವ್ ಮುರಿದು ಪಿಸ್ಟನ್ನನ್ನೇ ತೂತು ಮಾಡುತ್ತದೆ. ಇದಕ್ಕೆ ಸಿಲಿಂಡರ್ ಕಳಚಬೇಕಿಲ್ಲ. ಪ್ಲಗ್ ರಂಧ್ರದಿಂದ ನೈಲಾನ್ ಹಗ್ಗ ತುರುಕಿ ಪಿಸ್ಟನ್‌ನಿಂದ ಅದನ್ನು ಮೇಲಕ್ಕೆ ಒತ್ತಿ ವಾಲ್ವ್ ಬೀಳದಂತೆ ಹಿಡಿದು, ಸ್ಪ್ರಿಂಗ್ ತೆಗೆದು, ನಂತರ ವಾಲ್ವನ್ನು ಒಳಕ್ಕೆ ಇಳಿಬಿಟ್ಟು ಗೈಡ್ ಉಜ್ಜಿ ಮತ್ತೆ ಎಳೆದು ಕೂರಿಸುವ ವಿಧಾನವನ್ನು ಲೈಕಮಿಂಗ್ ತಾನೇ ಪ್ರಕಟಿಸಿದೆ.

ಫಿಲ್ಟರಿನಲ್ಲಿ ಉಕ್ಕಿನ ಚಕ್ಕೆ ಸಿಕ್ಕಿ, ಕಂಪ್ರೆಷನ್ ಮಾತ್ರ ಸರಿಯಿದ್ದರೆ ಅನುಮಾನ ಟ್ಯಾಪೆಟ್ ಮೂಲಕ ವಾಲ್ವ್‌ಗಳನ್ನು ಎತ್ತುವ ಕ್ಯಾಮ್ ಮೇಲೆ. ಒ-320, ಒ-360ಗಳಲ್ಲಿ ಕ್ಯಾಮ್‌ಶಾಫ್ಟ್ ಕ್ರ್ಯಾಂಕ್‌ಶಾಫ್ಟ್‌ಗಿಂತ ಮೇಲಿದೆ. ಎಂಜಿನ್ ವಾರಗಟ್ಟಲೆ ನಿಂತರೆ ಅಲ್ಲಿಂದ ಎಣ್ಣೆ ಇಳಿದುಹೋಗಿ ತೇವಕ್ಕೆ ತುಕ್ಕು ಹಿಡಿಯುತ್ತದೆ. ಮತ್ತೆ ಓಡಿಸಿದಾಗ ತುಕ್ಕಿನ ಗುಳಿಯಿಂದ ಟ್ಯಾಪೆಟ್ ಮುಖ ಚಕ್ಕೆಯೇಳತೊಡಗುತ್ತದೆ, ಕ್ಯಾಮ್‌ನ ಉಬ್ಬು ಸವೆದು ತಗ್ಗುತ್ತದೆ. ಕಾಂಟಿನೆಂಟಲ್‌ನಲ್ಲಿ ಕ್ಯಾಮ್ ಕೆಳಗಿರುವುದರಿಂದ ಈ ತೊಂದರೆ ಕಡಿಮೆ. ರಾಕರ್ ಮುಚ್ಚಳಗಳನ್ನು ತೆಗೆದು ಪ್ರತಿ ವಾಲ್ವ್ ಎಷ್ಟು ಏಳುತ್ತದೆ ಎಂದು ಡಯಲ್ ಮಾಪಕದಿಂದ ಅಳೆದರೆ ಸವೆದ ಉಬ್ಬು ಸಿಕ್ಕಿಬೀಳುತ್ತದೆ. ಆದರೆ ಸಾಮಾನ್ಯ ಲೈಕಮಿಂಗ್‌ನ ಅಣಬೆಯಾಕಾರದ ಟ್ಯಾಪೆಟ್ ಬದಲಿಸಬೇಕಾದರೆ ಎಂಜಿನ್‌ನ ಒಡಲನ್ನೇ ಎರಡಾಗಿ ಸೀಳಬೇಕು.

1977ರ ಸೆಸ್ನಾ 172ಕ್ಕೆ ಬಂದ ಒ-320-ಎಚ್2ಎಡಿ ಎಂಜಿನ್ ಈ ದೋಷಕ್ಕೆ ಕುಖ್ಯಾತವಾಯಿತು. ಹೊಸ ವಿನ್ಯಾಸದ ಟ್ಯಾಪೆಟ್‌ಗಳೂ ಕ್ಯಾಮ್‌ಗಳೂ ಬಹುಬೇಗ ಕಿತ್ತುಬರತೊಡಗಿದವು. 1980ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಲೈಕಮಿಂಗ್‌ನ ವಿಶೇಷ ಮಿಶ್ರಣವೊಂದನ್ನು ಎಣ್ಣೆಗೆ ಸೇರಿಸುವುದನ್ನು ಆದೇಶದ ಮೂಲಕ ಕಡ್ಡಾಯ ಮಾಡಿತು, ಭಾಗಗಳ ವಿನ್ಯಾಸವೂ ಬದಲಾಯಿತು.

ಕ್ರ್ಯಾಂಕ್‌ಶಾಫ್ಟ್, ಗಿಯರ್, ಬೇರಿಂಗ್

ಇವು ಮುರಿದರೆ ಎಂಜಿನ್ ನಿಂತೇ ಹೋಗುತ್ತದೆ, ಮುನ್ಸೂಚನೆಯೂ ಕಡಿಮೆ. ಎಣ್ಣೆಯ ಒತ್ತಡ ಕುಸಿದರೆ ಬೇರಿಂಗ್ ಸವೆದಿದೆ ಎಂದು ಹೆದರುವ ಮುನ್ನ ಒತ್ತಡ ನಿಯಂತ್ರಿಸುವ ಕವಾಟದ ಸೀಟಿನಲ್ಲಿ ಚೂರು ಸಿಕ್ಕಿದೆಯೇ ಎಂದು ನೋಡುವುದು ಒಳ್ಳೆಯ ಕ್ರಮ. ಅಲ್ಲಿ ಲೋಹದ ಚೂರೇ ಸಿಕ್ಕರೆ ಅದು ಎಲ್ಲಿಂದ ಬಂತು ಎಂಬ ಪ್ರಶ್ನೆ ಮತ್ತೆ ಏಳುತ್ತದೆ.

ಪ್ರೊಪೆಲ್ಲರ್ ನೆಲಕ್ಕೆ ಬಡಿದ ಪ್ರಕರಣಗಳು ವಿಶೇಷ. ಎಲೆ ತುಸು ಬಾಗಿದ್ದಷ್ಟೇ ಹೊರಗೆ ಕಾಣುತ್ತದೆ. ಲೈಕಮಿಂಗ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್‌ನ ಹಿಂತುದಿಯ ಗಿಯರನ್ನು ಹಿಡಿದಿರುವುದು ಒಂದು ಬೋಲ್ಟ್ ಮತ್ತು ಒಂದು ಚಿಕ್ಕ ಗೂಟ. ಬಡಿತದ ಆಘಾತಕ್ಕೆ ಆ ಗೂಟ ಕತ್ತರಿಸಿದರೆ ಕ್ಯಾಮ್, ಎರಡು ಮ್ಯಾಗ್ನೆಟೊ, ಎಣ್ಣೆಯ ಪಂಪ್ ಎಲ್ಲವೂ ಒಂದೇ ಕ್ಷಣದಲ್ಲಿ ನಿಲ್ಲುತ್ತವೆ. ಎರಡು ಮ್ಯಾಗ್ನೆಟೊ ಇಟ್ಟ ಎಚ್ಚರಿಕೆಯೆಲ್ಲ ಆ ಒಂದು ಗೂಟದ ಮುಂದೆ ವ್ಯರ್ಥ. ಅಮೆರಿಕದ ವಿಮಾನಯಾನ ಆಡಳಿತದ 2004ರ ಆದೇಶದ ಪ್ರಕಾರ ಇಂಥ ಪ್ರತಿ ಬಡಿತದ ನಂತರವೂ ಎಂಜಿನ್‌ನ ಹಿಂಭಾಗ ಬಿಚ್ಚಿ ಈ ಗಿಯರ್, ಬೋಲ್ಟ್, ಗೂಟಗಳನ್ನು ಪರೀಕ್ಷಿಸಲೇಬೇಕು. ಮ್ಯಾಗ್ನೆಟೊದ ಇಂಪಲ್ಸ್ ಕಪ್ಲಿಂಗ್‌ನ ರಿವೆಟ್ ಸವೆದು ತುಣುಕುಗಳು ಇದೇ ಗಿಯರ್‌ಗಳ ನಡುವೆ ಬೀಳುವುದು ಇನ್ನೊಂದು ಅಪಾಯ. ಅದಕ್ಕೂ ಕಾಲಕಾಲದ ಪರೀಕ್ಷೆಯ ಆದೇಶಗಳಿವೆ.

ದೋಷ ಕಾರ್ಖಾನೆಯಿಂದಲೇ ಬಂದ ಪ್ರಸಂಗಗಳೂ ದೊಡ್ಡವು. 2002ರಲ್ಲಿ ಲೈಕಮಿಂಗ್‌ನ ಹೆಚ್ಚು ಶಕ್ತಿಯ 540 ಸರಣಿಯ ಎಂಜಿನ್‌ಗಳ ಕ್ರ್ಯಾಂಕ್‌ಶಾಫ್ಟ್‌ಗಳು ಮುರಿದು ಸಾಮೂಹಿಕವಾಗಿ ಹಿಂತೆಗೆದುಕೊಳ್ಳಬೇಕಾಯಿತು. 2017ರಲ್ಲಿ ಲೈಕಮಿಂಗ್‌ನ ಕನೆಕ್ಟಿಂಗ್ ರಾಡ್‌ನ ಚಿಕ್ಕ ತುದಿಯ ಬುಷ್‌ಗಳು ಸಡಿಲವಿರಬಹುದೆಂದು ಗೊತ್ತಾಗಿ, ಅವನ್ನು ನಿಗದಿತ ಬಲದಿಂದ ಒತ್ತಿ ಜರುಗುತ್ತವೆಯೇ ಎಂದು ನೋಡುವ ಪರೀಕ್ಷೆ ಬಂತು. 2023ರ ಫೆಬ್ರವರಿಯಲ್ಲಿ ಕಾಂಟಿನೆಂಟಲ್‌ನ 360, 470, 520, 550 ಸರಣಿಗಳಲ್ಲಿ ಕ್ರ್ಯಾಂಕ್‌ಶಾಫ್ಟ್‌ನ ಸಮತೂಕದ ತುಂಡುಗಳನ್ನು ಹಿಡಿದಿಡುವ ರಿಂಗ್ ಸರಿಯಾಗಿ ಕೂತಿಲ್ಲದಿರಬಹುದೆಂಬ ಎಚ್ಚರಿಕೆ ಹೊರಟಿತು. ಸಿರಸ್ ಕಂಪನಿ ತನ್ನ ಎಸ್‌ಆರ್22 ವಿಮಾನಗಳ ಹಾರಾಟವನ್ನೇ ತಡೆಹಿಡಿಯಿತು. ಇಂಥ ದೋಷವನ್ನು ಗಾಳಿಯ ಪರೀಕ್ಷೆಯಾಗಲಿ ಎಣ್ಣೆಯಾಗಲಿ ಹೇಳಲಾರವು. ತಯಾರಿಕಾ ಸಂಖ್ಯೆ ಮತ್ತು ದಿನಾಂಕ ನೋಡುವುದೂ ಪತ್ತೆಯ ಭಾಗವೇ.

ಬಿಚ್ಚಬೇಕೆ, ಬೇಡವೆ

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್‌ನ ಕರಾವಳಿ ವಾಯುಪಡೆಯ ವಿಮಾನಗಳ ದುರಸ್ತಿ ದಾಖಲೆಗಳನ್ನು ಅಧ್ಯಯನ ಮಾಡಿದ ಜೀವವಿಜ್ಞಾನಿ ಸಿ.ಎಚ್. ವ್ಯಾಡಿಂಗ್ಟನ್ ಮತ್ತು ಸಂಗಡಿಗರು, ನಿಗದಿತ ತಪಾಸಣೆ ಮುಗಿದ ಬೆನ್ನಿಗೇ ಕೆಡುವಿಕೆ ಅತಿ ಹೆಚ್ಚು, ದಿನ ಕಳೆದಂತೆ ಅದು ಇಳಿಯುತ್ತದೆ ಎಂದು ಕಂಡುಕೊಂಡರು. ಬಿಚ್ಚಿ ಜೋಡಿಸುವುದೇ ದೋಷ ಹುಟ್ಟಿಸುತ್ತಿತ್ತು. ಸಣ್ಣ ಎಂಜಿನ್‌ಗಳಿಗೆ ಇದು ಇಂದಿಗೂ ನಿಜ. ಸಿಲಿಂಡರುಗಳನ್ನು ಹಿಡಿದಿರುವ ಉದ್ದನೆಯ ಬೋಲ್ಟ್‌ಗಳೇ ಒಡಲಿನ ಎರಡು ಹೋಳುಗಳನ್ನೂ, ಅವುಗಳ ನಡುವಿನ ಮುಖ್ಯ ಬೇರಿಂಗ್‌ಗಳನ್ನೂ ಬಿಗಿದಿರುತ್ತವೆ. ಸಿಲಿಂಡರ್ ಬದಲಿಸಿ ನಟ್‌ಗಳನ್ನು ತಪ್ಪು ಬಿಗಿತಕ್ಕೆ ಕೂರಿಸಿದರೆ ಬೇರಿಂಗ್ ಚಿಪ್ಪು ಜಾಗದಲ್ಲೇ ತಿರುಗಿ ಎಣ್ಣೆಯ ರಂಧ್ರ ಮುಚ್ಚುತ್ತದೆ, ಮುಂದೆ ಕ್ರ್ಯಾಂಕ್‌ಶಾಫ್ಟ್ ಸುಟ್ಟು ಮುರಿಯುತ್ತದೆ. ಸುಟ್ಟ ವಾಲ್ವ್ ಖಚಿತವಾಗಿದ್ದರೆ ಸಿಲಿಂಡರ್ ತೆಗೆಯಲೇಬೇಕು. ಬರೀ ಅನುಮಾನಕ್ಕೆ ತೆಗೆಯಬಾರದು.

ಬಿಚ್ಚಿದ ಮೇಲೆ ಮುರಿದ ಭಾಗ ಕೈಗೆ ಸಿಕ್ಕರೆ ಅರ್ಧ ಕೆಲಸ ಆಯಿತಷ್ಟೆ. ಎಲ್ಲ ತುಣುಕುಗಳನ್ನೂ ಬಿಳಿ ಬಟ್ಟೆಯ ಮೇಲೆ ಜೋಡಿಸಿ ಭಾಗ ಪೂರ್ತಿಯಾಯಿತೇ ಎಂದು ನೋಡಬೇಕು. ಒಂದು ತುಣುಕು ಕಾಣೆಯಾದರೂ ಅದು ಎಣ್ಣೆ ತೊಟ್ಟಿಯಲ್ಲೋ, ಗಾಳಿಕೊಳವೆಯ ಮೂಲಕ ಇನ್ನೊಂದು ಸಿಲಿಂಡರಿನಲ್ಲೋ, ಹೊಗೆಪೆಟ್ಟಿಗೆಯಲ್ಲೋ ಕುಳಿತಿದೆ. ಉಳಿದ ಉಕ್ಕಿನ ಭಾಗಗಳನ್ನು ಅಯಸ್ಕಾಂತೀಕರಿಸಿ ಹೊಳೆಯುವ ಕಬ್ಬಿಣದ ಪುಡಿ ಬೆರೆಸಿದ ಎಣ್ಣೆ ಸುರಿದು ನೇರಳಾತೀತ ದೀಪದಡಿ ನೋಡಿದರೆ ಬಿರುಕಿನ ಗೆರೆ ಬೆಳಗುತ್ತದೆ. ಅಲ್ಯೂಮಿನಿಯಂ ಭಾಗಗಳಿಗೆ ಬಿರುಕಿಗೆ ಇಳಿಯುವ ಬಣ್ಣದ ದ್ರವ ಹಚ್ಚುತ್ತಾರೆ.

ಮುರಿದ ಮುಖವನ್ನು ಮುಟ್ಟದೆ, ಉಜ್ಜದೆ, ಎರಡು ತುಂಡುಗಳನ್ನು ಒಂದಕ್ಕೊಂದು ತಾಗಿಸದೆ ಕಾಪಾಡಬೇಕು, ಏಕೆಂದರೆ ಕಾರಣ ಬರೆದಿರುವುದು ಅಲ್ಲೇ. ಲೋಹ ದಣಿದು ಮುರಿದಿದ್ದರೆ, ಕೆರೆಯ ನೀರು ಇಳಿಯುತ್ತ ದಂಡೆಯ ಮೇಲೆ ಬಿಟ್ಟ ಗೆರೆಗಳಂತೆ, ಬಿರುಕು ಹಂತಹಂತವಾಗಿ ಬೆಳೆದ ಬಾಗುಗೆರೆಗಳು ಕಾಣುತ್ತವೆ. ಆ ಗೆರೆಗಳು ಸುತ್ತುವರಿದ ಬಿಂದುವಿನಲ್ಲಿ ಗೀರೋ, ತುಕ್ಕಿನ ಗುಳಿಯೋ, ಎರಕದ ಕಲ್ಮಷವೋ ಇರುತ್ತದೆ. ಒಂದೇ ಪೆಟ್ಟಿಗೆ ಮುರಿದ ಮುಖ ಪೂರ್ತಿ ಒರಟು. ಹಾಗೆ ಮುರಿದದ್ದು ಸಾಮಾನ್ಯವಾಗಿ ಮೂಲ ದೋಷವಲ್ಲ, ಬೇರೊಂದು ಭಾಗ ಮೊದಲು ಹೋದದ್ದರ ಪರಿಣಾಮ.

ಕರ್ನಾಟಕದಲ್ಲಿ

ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ರೂಪಿಸಿದ ತರಬೇತಿ ವಿಮಾನಗಳು ಈ ಎಂಜಿನ್‌ಗಳ ಬೇರೆಬೇರೆ ಪೀಳಿಗೆಗಳನ್ನು ಕಂಡಿವೆ. ವಿ.ಎಂ. ಘಾಟ್ಗೆ ಅವರ ನೇತೃತ್ವದಲ್ಲಿ ತಯಾರಾಗಿ 1951ರಲ್ಲಿ ಹಾರಿದ ಎಚ್‌ಟಿ-2ರಲ್ಲಿದ್ದದ್ದು 155 ಅಶ್ವಶಕ್ತಿಯ ಸಿರಸ್ ಮೇಜರ್, ಸಿಲಿಂಡರ್‌ಗಳು ತಲೆಕೆಳಗಾಗಿ ನಿಂತ ಎಂಜಿನ್. ಇಂಥ ಎಂಜಿನ್ ನಿಂತಿರುವಾಗ ಎಣ್ಣೆ ಸಿಲಿಂಡರ್ ತಲೆಗೆ ಇಳಿದು ತುಂಬಿಕೊಳ್ಳಬಹುದು. ಹಾಗೆಯೇ ಚಾಲೂ ಮಾಡಿದರೆ ಒತ್ತಲಾಗದ ಎಣ್ಣೆಗೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದಕ್ಕೇ ಮೊದಲು ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ತಡೆ ಸಿಗುತ್ತದೆಯೇ ಎಂದು ನೋಡುವ ಪದ್ಧತಿ. 1958ರ ಪುಷ್ಪಕ್‌ಗೆ 90 ಅಶ್ವಶಕ್ತಿಯ ಕಾಂಟಿನೆಂಟಲ್ ಬಂತು.

1977ರಲ್ಲಿ ಮೊದಲು ಹಾರಿದ ಎಚ್‌ಪಿಟಿ-32 ದೀಪಕ್‌ನದು 260 ಅಶ್ವಶಕ್ತಿಯ ಲೈಕಮಿಂಗ್ ಎಇಐಒ-540. ಗಾಳಿಯಲ್ಲಿ ಎಂಜಿನ್ ನಿಲ್ಲುವ ಪ್ರಕರಣಗಳು ವರ್ಷಗಳ ಕಾಲ ಕಾಡಿದವು, ತರಬೇತಿ ಪಡೆಯುತ್ತಿದ್ದವರೂ ಬೋಧಕರೂ ಪ್ರಾಣ ಕಳೆದುಕೊಂಡರು. 2009ರ ಜುಲೈನ ಅಪಘಾತದಲ್ಲಿ ಇಬ್ಬರು ಪೈಲಟ್‌ಗಳು ಮಡಿದ ನಂತರ ವಾಯುಪಡೆ ಅದನ್ನು ಹಾರಾಟದಿಂದ ಹಿಂತೆಗೆಯಿತು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಹಂಸ 1993ರಲ್ಲಿ ಮೊದಲು ಹಾರಿತು. ಅದರ ಹಂಸ-3 ಮಾದರಿಗೆ ರೋಟಾಕ್ಸ್ 914, 2021ರಲ್ಲಿ ಹಾರಿದ ಹೊಸ ಪೀಳಿಗೆಗೆ ರೋಟಾಕ್ಸ್ 912 ಎಂಜಿನ್. ಇವುಗಳಲ್ಲಿ ಎಣ್ಣೆಯ ದಾರಿಯಲ್ಲಿ ಅಯಸ್ಕಾಂತದ ಬಿರಡೆಯೊಂದಿದೆ. ಗಿಯರ್ ಪೆಟ್ಟಿಗೆಯ ಸವೆತ ಮೊದಲು ಗೊತ್ತಾಗುವುದು ಅಲ್ಲೇ, ಬಿರಡೆ ತೆಗೆದು ಅದಕ್ಕಂಟಿದ ಉಕ್ಕಿನ ಪುಡಿಯ ಪ್ರಮಾಣ ನೋಡುವುದು ನಿಯತ ತಪಾಸಣೆಯ ಅಂಗ. ಇದೇ ಪ್ರಯೋಗಾಲಯದ ವಸ್ತುವಿಜ್ಞಾನ ವಿಭಾಗ ಮುರಿದ ವಿಮಾನ ಭಾಗಗಳ ವಿಶ್ಲೇಷಣೆಗೆ ದೇಶದಲ್ಲಿ ಹೆಸರಾಗಿದೆ.

ಮರುಬಳಕೆ

ಒಳಗೆ ಲೋಹ ಚೆಲ್ಲಿದ ಎಂಜಿನ್‌ನಲ್ಲಿ ಎಣ್ಣೆ ತಣಿಸುವ ಕೂಲರ್ ಮತ್ತು ಪ್ರೊಪೆಲ್ಲರ್ ಗವರ್ನರ್‌ನ ಒಳಗೂ ಚೂರು ಉಳಿದಿರುತ್ತದೆ. ಇವನ್ನು ಪೂರ್ತಿ ಶುದ್ಧ ಮಾಡುವುದು ಕಷ್ಟ, ಕೂಲರ್ ಬದಲಿಸುವುದೇ ಮೇಲು. ದುರಸ್ತಿಯಾದ ಎಂಜಿನ್ ನೆಲದ ಮೇಲೆ ಓಡಿದ ನಂತರ ಫಿಲ್ಟರ್ ಕತ್ತರಿಸುತ್ತಾರೆ, ಮೊದಲ ಕೆಲವು ಹಾರಾಟದ ಗಂಟೆಗಳ ನಂತರ ಮತ್ತೆ ಕತ್ತರಿಸುತ್ತಾರೆ. ಹೊಸ ರಿಂಗ್‌ಗಳು ಗೋಡೆಗೆ ಹೊಂದಿಕೊಳ್ಳುವಾಗ ನವಿರಾದ ಲೋಹದ ಧೂಳು ಸಿಗುವುದು ಸಹಜ, ಅದು ಪ್ರತಿ ಸಲವೂ ಕಡಿಮೆಯಾಗುತ್ತ ಬರಬೇಕು. ಎರಡನೇ ಫಿಲ್ಟರಿನಲ್ಲಿ ಮೊದಲನೆಯದಕ್ಕಿಂತ ಹೆಚ್ಚು ಸಿಕ್ಕರೆ, ಅಥವಾ ಒಂದೇ ಒಂದು ಹೊಸ ಚಕ್ಕೆ ಸಿಕ್ಕರೂ, ಎಂಜಿನ್ ಮತ್ತೆ ಸ್ಟ್ಯಾಂಡಿಗೇರುತ್ತದೆ.